ಬಿಪಿಗೆ ಮನೆಮದ್ದು ಮಾಡಿದವರು ಅನುಭವ ಹೇಳಿ

ಅಮ್ಮನಿಗೆ 58 ವರ್ಷ. ಬಿಪಿ ಎರಡು ಸಲವೂ 150/95 ಬಂತು. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲ ಎಂದು ಅವರಿಗೆ ಹೆದರಿಕೆ. ಸರ್ಪಗಂಧದ ಪುಡಿ, ಕಷಾಯ, ಬೆಳ್ಳುಳ್ಳಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ತೆಗೆದುಕೊಂಡವರಿದ್ದರೆ ತಿಳಿಸಿ.

* * *

ನಮ್ಮ ಅತ್ತೆ ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಿದವರಲ್ಲ. ಹೋದ ಮಳೆಗಾಲ ಕೆಮ್ಮು ಹಿಡಿಯಿತು. ಗ್ರಂಥಿಗೆ ಅಂಗಡಿಯಿಂದ ಜೇಷ್ಠಮಧು ತಂದು ದಿನಕ್ಕೆ ಎರಡು ಲೋಟ ಕಷಾಯ ಕುಡಿದರು. ಕೆಮ್ಮು ಹೋಯಿತು, ಆದರೆ ರುಚಿ ಹತ್ತಿ ಕಷಾಯ ಬಿಡಲಿಲ್ಲ. ಎರಡು ತಿಂಗಳಲ್ಲಿ ಬಿಪಿ 170 ದಾಟಿತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಲು ಕಾಲಲ್ಲಿ ಶಕ್ತಿಯೇ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ 2.9. ಕನಿಷ್ಠ 3.5 ಇರಬೇಕು. "ಮಾತ್ರೆ ಬಿಟ್ಟು ಇನ್ನೇನು ತಗೋತೀರಮ್ಮ?" ಎಂದು ಡಾಕ್ಟರ್ ಕೇಳಿದಾಗಲೇ ಕಷಾಯದ ವಿಷಯ ಹೊರಬಂತು.

ನಮ್ಮ ಮೈಯಲ್ಲೇ ಇರುವ ಕಾರ್ಟಿಸಾಲ್ ಹಾರ್ಮೋನು ಕಿಡ್ನಿಯಲ್ಲಿ ಉಪ್ಪು ಹಿಡಿದಿಡದಂತೆ ಒಂದು ಕಿಣ್ವ ಕಾಯುತ್ತಿರುತ್ತದೆಯಂತೆ. ಜೇಷ್ಠಮಧುವಿಗೆ ಸಿಹಿ ಕೊಡುವ ಗ್ಲಿಸಿರೈಝಿನ್ ಆ ಕಿಣ್ವವನ್ನೇ ತಡೆಯುತ್ತದೆ. ಆಗ ಉಪ್ಪು, ನೀರು ಮೈಯಲ್ಲಿ ಉಳಿಯುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ತುಂಬಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಕಷಾಯ ನಿಲ್ಲಿಸಿ, ಪೊಟ್ಯಾಸಿಯಂ ಸಿರಪ್ ಕೊಟ್ಟು, ಸರಿಹೋಗಲು ಮೂರು ವಾರ ಹಿಡಿಯಿತು. ಡಬ್ಬಿಯ ಮೇಲೆ ಅತಿಮಧುರ, ಯಷ್ಟಿಮಧು ಅಂತಿದ್ದರೂ ಇದೇ ಬೇರು, ನೋಡಿಕೊಳ್ಳಿ.

* * *

ಸರ್ಪಗಂಧ ಬಿಪಿ ಇಳಿಸುವುದು ನಿಜ. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲೇ ತಮ್ಮ ರೋಗಿಗಳಿಗೆ ಕೊಟ್ಟು ನೋಡಿ ಬರೆದಿದ್ದರು. ಅದರಲ್ಲಿರುವ ರಿಸರ್ಪಿನ್ ಆಮೇಲೆ ಮಾತ್ರೆಯಾಗಿಯೂ ಬಂತು. ಅದಕ್ಕೇ ಹೇಳುವುದು, ಸುಮ್ನೆ ಪುಡಿ ತಿನ್ನಬೇಡಿ. ಒಂದು ಚಮಚದಲ್ಲಿ ಔಷಧಿ ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ. ನಮ್ಮ ದೊಡ್ಡಪ್ಪ ನಾಲ್ಕು ತಿಂಗಳು ತೆಗೆದುಕೊಂಡರು. ಸದಾ ಮೂಗು ಕಟ್ಟುತ್ತಿತ್ತು. ಬರಬರುತ್ತಾ ಮಾತು ಕಡಿಮೆಯಾಯಿತು, ತೋಟಕ್ಕೂ ಹೋಗದೆ ಮಂಕಾಗಿ ಕೂರುತ್ತಿದ್ದರು. ವಯಸ್ಸಾಯಿತಲ್ವಾ ಅಂದುಕೊಂಡೆವು. ಡಾಕ್ಟರಿಗೆ ತೋರಿಸಿ ಪುಡಿ ಬಿಡಿಸಿದ ಮೇಲೆ ನಿಧಾನಕ್ಕೆ ಮೊದಲಿನಂತಾದರು.

* * *

ಅಮ್ಮನಿಗೆ ಶುಗರ್ ಮಾತ್ರೆಯೂ ಇದೆಯಾ? ಇದ್ದರೆ ಮೆಂತ್ಯ ಹುಷಾರು. ನಾನು ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಯ ಜೊತೆಗೆ ದಿನಾ ನೆನೆಸಿದ ಮೆಂತ್ಯ ಜಾಸ್ತಿಯೇ ತಿನ್ನುತ್ತಿದ್ದೆ. ಒಂದು ಬೆಳಿಗ್ಗೆ ಕೈ ನಡುಗಿ ಮೈಯೆಲ್ಲ ಬೆವರಿತು. ನೋಡಿದರೆ ಶುಗರ್ 62ಕ್ಕೆ ಇಳಿದಿತ್ತು. ಬೆಳ್ಳುಳ್ಳಿ ಅಡುಗೆಯಲ್ಲಿ ಇರಲಿ, ಆದರೆ 150ಕ್ಕೆ ಅದೊಂದೇ ಸಾಲದು. ಅಮ್ಮನ ಹೆದರಿಕೆ ನನಗೂ ಇತ್ತು. ಮಾತ್ರೆ ತೆಗೆದುಕೊಳ್ಳುತ್ತಲೇ ಉಪ್ಪಿನಕಾಯಿ, ಹಪ್ಪಳ ಬಿಟ್ಟು ದಿನಾ ನಡೆದೆ. ಎಂಟು ತಿಂಗಳಾದ ಮೇಲೆ ಡಾಕ್ಟರೇ ಬಿಪಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.