ಬಾಯ್ನ್ ಕಣಿವೆಯ ಕೆತ್ತನೆಯ ಕಲ್ಲುಗಳು: ಹೋಗಿ ಬಂದವರ ಅನುಭವ

ಪ್ರಶ್ನೆ: ಮಗಳ ಮನೆಗೆಂದು ಡಿಸೆಂಬರಿನಲ್ಲಿ ಡಬ್ಲಿನ್ನಿಗೆ ಹೊರಟಿದ್ದೇವೆ. ಐರ್ಲೆಂಡಿನ ಬಾಯ್ನ್ ನದಿಯ ತಿರುವಿನಲ್ಲಿರುವ, ಸುಮಾರು 5,200 ವರ್ಷ ಹಳೆಯ ದಿಬ್ಬ ಸಮಾಧಿಗಳನ್ನು, ಅದರಲ್ಲೂ ಅಲ್ಲಿನ ಕೆತ್ತನೆಯ ಕಲ್ಲುಗಳನ್ನು ಸಾವಧಾನವಾಗಿ ನೋಡುವ ಆಸೆಯಿದೆ. ಯಜಮಾನರಿಗೆ ಮೊಣಕಾಲು ನೋವು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಆ ದಿಬ್ಬಗಳಲ್ಲಿ ಒಂದಾದ ನ್ಯೂಗ್ರೇಂಜಿಗೆ ಸಂದರ್ಶಕರ ಕೇಂದ್ರದಲ್ಲಿ ಟಿಕೆಟ್ ಪಡೆದು, ಅವರದೇ ಬಸ್ಸಿನಲ್ಲಿ ಹೋಗಬೇಕಾಗುವುದರಿಂದ ಮುಂಗಡವಾಗಿ ಕಾಯ್ದಿರಿಸುವುದು ಕ್ಷೇಮ. ಒಳದಾರಿ 19 ಮೀಟರ್ ಉದ್ದವಿದ್ದು, ಕೆಲವೆಡೆ ತಲೆ ಬಗ್ಗಿಸಿ, ಮೈ ಓರೆ ಮಾಡಿಕೊಂಡು ಸಾಗಬೇಕು. ಒಳಗಿನ ಗೂಡಿನಲ್ಲಿ ಮೂರು ಸುರುಳಿಗಳು ಹೆಣೆದುಕೊಂಡಿರುವ ಪ್ರಸಿದ್ಧ ಕಲ್ಲಿದೆ. ಆದರೆ ಗುಂಪಿನೊಂದಿಗೆ ಸ್ವಲ್ಪ ಹೊತ್ತು ಮಾತ್ರ ಅಲ್ಲಿರಬಹುದು, ಛಾಯಾಚಿತ್ರ ತೆಗೆಯುವಂತಿಲ್ಲ. ಆದ್ದರಿಂದ ಕೆತ್ತನೆಗಾಗಿಯೇ ಹೋಗುವವರು ಹೊರಗೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ದಿಬ್ಬದ ಸುತ್ತಲಿನ 97 ಅಂಚುಗಲ್ಲುಗಳಲ್ಲಿ ಬಾಗಿಲ ಮುಂದಿನದನ್ನು ಎಲ್ಲರೂ ನೋಡುತ್ತಾರೆ, ಹಿಂಬದಿಯ 52ನೆಯದನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ನನಗಂತೂ ಅದೇ ಹೆಚ್ಚು ಸೊಗಸೆನಿಸಿತು. ಮುಂಭಾಗದ ಬಿಳಿ ಬೆಣಚುಕಲ್ಲಿನ ಗೋಡೆ ಮಾತ್ರ ಪುರಾತತ್ವಜ್ಞ ಓಕೆಲಿ ಅವರ ಉತ್ಖನನದ ನಂತರ ಮರಳಿ ಕಟ್ಟಿದ್ದು. ಮೂಲದಲ್ಲಿ ಅದು ಹಾಗೆಯೇ ನಿಂತಿತ್ತೆಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ.

ಉತ್ತರ 2: ಮೇಲಿನವರ ಮಾತಿಗೆ ನನ್ನದೊಂದು ತಿದ್ದುಪಡಿ: ಕೆತ್ತನೆಯೇ ಮುಖ್ಯವಾದರೆ ಮೊದಲ ಸ್ಥಾನ ಅದೇ ಕಣಿವೆಯ ಇನ್ನೊಂದು ದಿಬ್ಬವಾದ ನೌತ್‌ಗೆ ಸಲ್ಲಬೇಕು. ಪುರಾತತ್ವಜ್ಞ ಜಾರ್ಜ್ ಓಗನ್ 1962ರಿಂದ ದಶಕಗಳ ಕಾಲ ಅಗೆದ ಈ ದಿಬ್ಬದ ಸುತ್ತ 127 ಅಂಚುಗಲ್ಲುಗಳಿದ್ದು, ಸುರುಳಿ, ಅರ್ಧಚಂದ್ರ, ಅಂಕುಡೊಂಕು ಗೆರೆಗಳನ್ನು ನಿಮ್ಮ ನಡಿಗೆಯ ವೇಗದಲ್ಲೇ ನೋಡಬಹುದು. ಪೂರ್ವ ಪಶ್ಚಿಮಗಳ ಒಳದಾರಿಗಳಿಗೆ ಪ್ರವೇಶವಿಲ್ಲದ್ದರಿಂದ ಬಗ್ಗಿ ನಡೆಯುವ ಕಷ್ಟವೂ ಇಲ್ಲ. ಲೋಹವಿಲ್ಲದ ಕಾಲದಲ್ಲಿ ಗಟ್ಟಿಕಲ್ಲಿನ ಮೊನೆಯಿಂದ ಕುಟ್ಟಿ ಮೂಡಿಸಿದ ಈ ಗೆರೆಗಳು ನೇರ ಬೆಳಕಿನಲ್ಲಿ ಮಾಸಿದಂತೆ ಕಂಡು, ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಡಿಸೆಂಬರಿನ ಸೂರ್ಯ ತಗ್ಗಿನಲ್ಲೇ ಇರುವುದರಿಂದ, ಮೋಡ ಮುಚ್ಚದಿದ್ದರೆ, ಅದು ನಿಮಗೆ ಅನುಕೂಲವೇ. ಆದರೆ ಚಳಿಗಾಲದ ಟಿಕೆಟ್ಟಿನಲ್ಲಿ ನೌತ್ ಸೇರಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಮನೆಗಳನ್ನು (ಚಪ್ಪಡಿಗಳಿಂದ ಕಟ್ಟಿದ ಶಿಲಾಸಮಾಧಿಗಳನ್ನು) ನೋಡಿದವರು ಅಂಥದ್ದನ್ನೇ ನಿರೀಕ್ಷಿಸಬಾರದು. ಅವು ಬಹಳ ಈಚಿನವು, ಬಾಯ್ನ್ ಕಣಿವೆಯವು ಮಣ್ಣುಕಲ್ಲುಗಳ ದಿಬ್ಬದೊಳಗೆ ಹುದುಗಿರುವಂಥವು.

ಉತ್ತರ 3: ಡಿಸೆಂಬರ್ ಎಂದಿರುವುದರಿಂದ ಒಂದು ಸೂಚನೆ. ನ್ಯೂಗ್ರೇಂಜಿನ ಬಾಗಿಲ ಮೇಲಿನ ಕಿಂಡಿಯಿಂದ ಸೂರ್ಯೋದಯದ ಕಿರಣ ಒಳಕೋಣೆಯವರೆಗೆ ಹರಿಯುವ ದಿನಗಳಂದು ಆ ಹೊತ್ತಿಗೆ ಲಾಟರಿಯಲ್ಲಿ ಆಯ್ಕೆಯಾದವರಿಗಷ್ಟೇ ಒಳಗೆ ಪ್ರವೇಶ. ಉಳಿದ ಸಮಯದಲ್ಲಿ ದೀಪ ಆರಿಸಿ, ಆ ಬೆಳಕನ್ನು ವಿದ್ಯುತ್ ದೀಪದಿಂದ ತೋರಿಸುತ್ತಾರೆ. ಅದನ್ನು ಹಗುರವಾಗಿ ಎಣಿಸಬೇಡಿ. ಇಂಥದ್ದೇ ಇನ್ನೊಂದು ತಾಣವಾದ ಲಾಕ್ರೂ ಬೆಟ್ಟದ ಸಮಾಧಿಗಳಿಗೆ ಕಡಿದಾದ ಏರು ಹತ್ತಬೇಕಾದ್ದರಿಂದ ಯಜಮಾನರ ಮೊಣಕಾಲಿಗೆ ಅದು ಬೇಡ. ಅದರ ಬದಲು ಡಬ್ಲಿನ್ನಿನ ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದರೆ, ನೌತ್‌ನ ಪೂರ್ವದ ಸಮಾಧಿಯಲ್ಲಿ ಸಿಕ್ಕಿದ, ಸುರುಳಿಗಳನ್ನು ಕೊರೆದಿರುವ ಚಕಮಕಿ ಕಲ್ಲಿನ ಗದೆಯ ತಲೆಯನ್ನು ಗಾಜಿನ ಪೆಟ್ಟಿಗೆಯ ಎದುರು ನಿಂತು ನಿಧಾನವಾಗಿ ನೋಡಬಹುದು.