440 ಮ್ಯಾಗ್ನಮ್ ಎಂಜಿನ್ನಿನ 906 ಹೆಡ್‌ಗಳು: ಸೀಟ್ ಬದಲಿಸಬೇಕೇ, ಪೋರ್ಟ್ ಎಷ್ಟು ಕೊರೆಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1969ರ ಡಾಡ್ಜ್ ಚಾರ್ಜರ್ ಆರ್/ಟಿ ಇದೆ. ಕಾರ್ಖಾನೆಯಿಂದ ಬಂದ 440 ಮ್ಯಾಗ್ನಮ್ ಎಂಜಿನ್ನೇ ಅದರಲ್ಲಿ ಇನ್ನೂ ಉಳಿದಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ತಳದಲ್ಲಿ ಮತ್ತೆ ಒತ್ತಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ದಟ್ಟವಾಗಿ ಬರುತ್ತಿತ್ತು. ಏಳನೆಯ ಸಿಲಿಂಡರಿನ ಕಂಪ್ರೆಷನ್ ಉಳಿದವುಗಳಿಗಿಂತ ಕಡಿಮೆ ಇತ್ತು, ಅದಕ್ಕೆ ಗಾಳಿ ತುಂಬಿ ನೋಡಿದಾಗ ಎಗ್ಜಾಸ್ಟ್ ಕೊಳವೆಯಲ್ಲಿ ಸುಯ್ಯೆಂಬ ಸದ್ದು ಕೇಳಿಸಿತು. ಆದ್ದರಿಂದ ಎರಡೂ ಹೆಡ್‌ಗಳನ್ನು, ಎಂದರೆ ಸಿಲಿಂಡರುಗಳ ಮೇಲೆ ಕೂತು ವಾಲ್ವುಗಳನ್ನು ಹೊತ್ತಿರುವ ಎರಕದ ಮುಚ್ಚಳಗಳನ್ನು, ಬಿಚ್ಚಿದ್ದೇನೆ. ಎರಕದ ಮೇಲಿನ ಸಂಖ್ಯೆ 2843906, ಕೊನೆಯ ಮೂರು ಅಂಕಿಗಳಿಂದ ಇವನ್ನು 906 ಎನ್ನುತ್ತಾರೆ.

ಹೆಡ್‌ಗಳನ್ನು ನೋಡಿದ ಮಷಿನ್ ಶಾಪಿನವರು ಎಂಟು ಎಗ್ಜಾಸ್ಟ್ ಸೀಟ್‌ಗಳನ್ನೂ (ಹೊಗೆ ಬಿಡುವ ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸಬೇಕು, ಎಲ್ಲ ಗೈಡ್‌ಗಳನ್ನೂ (ವಾಲ್ವಿನ ಕಾಂಡ ಜಾರುವ ರಂಧ್ರ) ಸರಿಪಡಿಸಬೇಕು, ಪೋರ್ಟ್‌ಗಳನ್ನು (ಹೆಡ್ಡಿನೊಳಗೆ ಗಾಳಿ, ಹೊಗೆ ಹಾಯುವ ದಾರಿ) ಗ್ಯಾಸ್ಕೆಟ್ಟಿನ ಅಳತೆಗೆ ಹಿಗ್ಗಿಸಬೇಕು, ಹೆಡ್ ಎಂಜಿನ್ನಿನ ಮೇಲೆ ಕೂರುವ ಮುಖವನ್ನು ಮೂವತ್ತು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ತೇದು ಇಳಿಸಬೇಕು ಎಂದಿದ್ದಾರೆ. ನಾನು ಈ ಕಾರನ್ನು ರೇಸಿಗೆ ಒಯ್ಯುವವನಲ್ಲ. ರಜೆಯ ದಿನಗಳಲ್ಲಿ ಹೆದ್ದಾರಿಯಲ್ಲಿ ಓಡಿಸುತ್ತೇನೆ, ಎಂಜಿನ್ 5000 ಆರ್‌ಪಿಎಂ ದಾಟುವುದು ಅಪರೂಪ. ಇವುಗಳಲ್ಲಿ ನಿಜಕ್ಕೂ ಅಗತ್ಯವಾದ ಕೆಲಸ ಯಾವುದು ಎಂದು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ತಾವು ಕೆಲಸ ಒಪ್ಪಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಎರಕದ ಕಬ್ಬಿಣವನ್ನು ಒಮ್ಮೆ ಕೊರೆದು ತೆಗೆದ ಮೇಲೆ ಮರಳಿ ಹಚ್ಚಲು ಬರುವುದಿಲ್ಲ. ಮೊದಲು ಹೆಡ್‌ಗಳನ್ನು ಚೆನ್ನಾಗಿ ತೊಳೆಸಿ, ಕಾಂತೀಯ ಪುಡಿಯ ವಿಧಾನದಲ್ಲಿ ಬಿರುಕುಗಳನ್ನು ಹುಡುಕಿಸಿ, ನೀರಿನ ಜಾಕೆಟ್ಟಿಗೆ (ಹೆಡ್ಡನ್ನು ತಂಪಾಗಿಡುವ ನೀರು ಹರಿಯುವ ಪೊಳ್ಳು) ಗಾಳಿಯ ಒತ್ತಡ ಕೊಟ್ಟು ಸೋರಿಕೆ ಇದೆಯೇ ಎಂದು ಪರೀಕ್ಷಿಸಿ. ಬಿರುಕುಬಿಟ್ಟ ಹೆಡ್ಡಿಗೆ ಹೊಸ ವಾಲ್ವ್ ಕೂರಿಸಿ ಫಲವಿಲ್ಲ.

ಸೀಟಿನ ವಿಷಯಕ್ಕೆ ಬರುತ್ತೇನೆ. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸ ಉರಿದು, ಎಗ್ಜಾಸ್ಟ್ ವಾಲ್ವ್ ಮತ್ತು ಸೀಟಿನ ನಡುವೆ ತೆಳುವಾದ ಪದರವಾಗಿ ಕುಳಿತು, ಎರಡು ಲೋಹಗಳು ನೇರವಾಗಿ ತಾಗದಂತೆ ತಡೆಯುತ್ತಿತ್ತು. ಅಮೆರಿಕದಲ್ಲಿ ಸೀಸದ ಬಳಕೆಯನ್ನು 1970ರ ದಶಕದಿಂದ ಹಂತಹಂತವಾಗಿ ಇಳಿಸಿ, 1996ರ ಜನವರಿ 1ರಿಂದ ರಸ್ತೆಯ ವಾಹನಗಳಿಗೆ ಅದನ್ನು ಪೂರ್ತಿ ನಿಷೇಧಿಸಲಾಯಿತು. ಆ ಪದರವಿಲ್ಲದಾಗ, ದೀರ್ಘಕಾಲ ಹೆಚ್ಚು ಹೊರೆಯಲ್ಲಿ ಓಡುವ ಎಂಜಿನ್ನಿನಲ್ಲಿ, ಸೀಟಿನ ಕಬ್ಬಿಣದ ಸೂಕ್ಷ್ಮ ಕಣಗಳು ಕಾದ ವಾಲ್ವಿಗೆ ಅಂಟಿಕೊಂಡು ಕಿತ್ತುಬರುತ್ತವೆ, ಮತ್ತು ವಾಲ್ವಿನ ಆ ಒರಟು ಮುಖವೇ ಸೀಟನ್ನು ಅರದಂತೆ ತೇಯುತ್ತಾ ವಾಲ್ವನ್ನು ಹೆಡ್ಡಿನೊಳಕ್ಕೆ ಇಳಿಸುತ್ತದೆ. ಇಷ್ಟೆಲ್ಲ ಆಗಲು ಕಾವು ಮತ್ತು ಹೊರೆ ಎರಡೂ ಬೇಕು. ಹಗುರವಾಗಿ ಓಡಿಸುವ ಕಾರಿನಲ್ಲಿ ಈ ಸವೆತ ತೀರ ನಿಧಾನ.

ಹೀಗಾಗಿ ತಮ್ಮ ಸೀಟ್‌ಗಳು ಇಳಿದಿವೆಯೇ ಎಂಬುದನ್ನು ಊಹಿಸದೆ ಅಳೆಯಿರಿ. ಪ್ರತಿ ಎಗ್ಜಾಸ್ಟ್ ವಾಲ್ವನ್ನು ಅದರ ಸೀಟಿನಲ್ಲಿ ಕೂರಿಸಿ, ಸ್ಪ್ರಿಂಗ್ ಕೂರುವ ಮಟ್ಟದಿಂದ ಕಾಂಡದ ತುದಿ ಎಷ್ಟು ಎತ್ತರದಲ್ಲಿದೆ ಎಂದು ನೋಡಿ, ಎಂಟನ್ನೂ ಹೋಲಿಸಿ. ಒಂದೆರಡು ಮಾತ್ರ ಎತ್ತರವಾಗಿ ನಿಂತಿದ್ದರೆ ಆ ಒಂದೆರಡಕ್ಕೆ ಮಾತ್ರ ಉಂಗುರ ಹಾಕಿಸಿದರೆ ಸಾಕು. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇದೇ ತಲೆಮಾರಿನ ನನ್ನ ಒಂದು ಹೆಡ್ಡಿನಲ್ಲಿ, ಕೆಡದೇ ಇದ್ದ ಸೀಟನ್ನು ಮುಂಜಾಗ್ರತೆಗೆಂದು ಕೊರೆಯಲು ಹೋಗಿ ಉಳಿ ನೇರವಾಗಿ ನೀರಿನ ಜಾಕೆಟ್ಟಿಗೆ ಇಳಿಯಿತು. ಎರಕ ಹೊಯ್ಯುವಾಗ ಒಳಗಿನ ಅಚ್ಚು ತುಸು ಸರಿದಿದ್ದರೆ ಸೀಟಿನ ಕೆಳಗಿನ ಗೋಡೆ ಎಲ್ಲಿ ತೆಳುವಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆ ಹೆಡ್ ಮತ್ತೆ ಕೆಲಸಕ್ಕೆ ಬರಲಿಲ್ಲ.

ನೀಲಿ ಹೊಗೆಯ ಬಗ್ಗೆ ತಾವು ಹೇಳಿದ ಲಕ್ಷಣ ಬಹುಮಟ್ಟಿಗೆ ಗೈಡ್ ಮತ್ತು ಸೀಲುಗಳದು. ಆಕ್ಸಿಲರೇಟರ್ ಬಿಟ್ಟಾಗ ಹೆಡ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚಿ, ಇನ್‌ಟೇಕ್ ವಾಲ್ವಿನ ಕಾಂಡದ ಸುತ್ತಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 906ರಲ್ಲಿ ಗೈಡ್ ಬೇರೆ ಭಾಗವಲ್ಲ, ಹೆಡ್ಡಿನ ಕಬ್ಬಿಣದಲ್ಲೇ ಕೊರೆದ ರಂಧ್ರ. ಅದು ಸವೆದಿದ್ದರೆ ತೆಳ್ಳನೆಯ ಕಂಚಿನ ಲೈನರ್ ಹಾಕಿಸಿ. ಗೈಡಿನೊಳಗೆ ಗೀರುಗಳನ್ನು ಎಬ್ಬಿಸಿ ಬಿಗಿ ಮಾಡುವ ನರ್ಲಿಂಗ್ ಬೇಡ, ಅದು ಬಹುಕಾಲ ನಿಲ್ಲುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪೋರ್ಟ್ ಮತ್ತು ಮುಖದ ಬಗ್ಗೆ ನನ್ನದು ಎರಡು ಮಾತು.

ಗ್ಯಾಸ್ಕೆಟ್ಟಿನ ಅಳತೆಗೆ ಪೋರ್ಟಿನ ಬಾಯಿ ಹಿಗ್ಗಿಸುವುದರಿಂದ ನೋಡಲು ಅಂದವಾಗಿ ಕಾಣುವುದೇ ಹೊರತು ತಮ್ಮ ಬಳಕೆಗೆ ಲಾಭವಿಲ್ಲ. ಗಾಳಿ ಇಕ್ಕಟ್ಟಿಗೆ ಸಿಗುವುದು ಬಾಯಲ್ಲಿ ಅಲ್ಲ, ವಾಲ್ವ್ ಸೀಟಿನ ಕೆಳಗೆ, ಪೋರ್ಟ್ ಬಾಗಿ ವಾಲ್ವಿನ ಕಡೆ ತಿರುಗುವ ಜಾಗದಲ್ಲಿ. ಅಲ್ಲಿ ಕಾರ್ಖಾನೆಯ ಉಳಿ ಬಿಟ್ಟುಹೋದ ಚೂಪಾದ ಅಂಚನ್ನು ನಯವಾಗಿ ತೇದು ಕೂಡಿಸಿ, ತಿರುವಿನ ಒಳಮಗ್ಗುಲನ್ನು ತೀರ ತಗ್ಗಿಸದೆ ದುಂಡಾಗಿಸಿ, 30, 45, 60 ಡಿಗ್ರಿಗಳ ಮೂರು ಕೋನದ ಸೀಟ್ ಕೆಲಸ ಮಾಡಿಸಿದರೆ, 2.08 ಇಂಚಿನ ಇನ್‌ಟೇಕ್ ಮತ್ತು 1.74 ಇಂಚಿನ ಎಗ್ಜಾಸ್ಟ್ ವಾಲ್ವುಗಳಲ್ಲೇ ಬೇಕಾದಷ್ಟು ಗಾಳಿಯ ಹರಿವು ಸಿಗುತ್ತದೆ. ಎಗ್ಜಾಸ್ಟ್ ಸೀಟಿನ ಅಗಲವನ್ನು ಮಾತ್ರ ಕಡಿಮೆ ಮಾಡಿಸಬೇಡಿ, ವಾಲ್ವಿನ ಕಾವು ಹೆಡ್ಡಿಗೆ ಇಳಿಯುವುದು ಮುಖ್ಯವಾಗಿ ಅದರ ಮೂಲಕವೇ. ಇನ್‌ಟೇಕ್ ಪೋರ್ಟಿನಲ್ಲಿ ಪುಶ್‌ರಾಡ್ (ವಾಲ್ವ್ ತೆರೆಯಲು ಕೆಳಗಿನಿಂದ ತಳ್ಳುವ ಸರಳು) ಹಾದುಹೋಗುವ ಕಡೆ ಗೋಡೆ ಒಳಕ್ಕೆ ಉಬ್ಬಿದೆ, ಅದನ್ನು ಮುಟ್ಟದಿರುವುದೇ ಕ್ಷೇಮ. ದೊಡ್ಡ ಪೋರ್ಟಿನಲ್ಲಿ ಗಾಳಿಯ ವೇಗ ತಗ್ಗಿ, ತಾವು ಹೆಚ್ಚಾಗಿ ಬಳಸುವ ಕೆಳಗಿನ ಆರ್‌ಪಿಎಂಗಳಲ್ಲೇ ಎಂಜಿನ್ ಮಂಕಾಗುತ್ತದೆ.

ಮುಖ ಇಳಿಸುವ ಮೊದಲು ಲೆಕ್ಕ ಹಾಕಿ. ಈ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸುವ ಗಾತ್ರ ಸುಮಾರು 901 ಸಿಸಿ. ಪಿಸ್ಟನ್ ಮೇಲಿದ್ದಾಗ ಉಳಿಯುವ ಒಟ್ಟು ಜಾಗ 100 ಸಿಸಿ ಎಂದಿಟ್ಟುಕೊಂಡರೆ ಕಂಪ್ರೆಷನ್ ಅನುಪಾತ 10. ಹಳೆಯ ಇಪ್ಪತ್ತು ಥೌ ದಪ್ಪದ ಉಕ್ಕಿನ ಗ್ಯಾಸ್ಕೆಟ್ ಬದಲು ನಲವತ್ತು ಥೌ ಸಮೀಪದ ಇಂದಿನ ಗ್ಯಾಸ್ಕೆಟ್ ಹಾಕಿದರೆ ಆ ಜಾಗ 5 ಸಿಸಿಯಷ್ಟು ಹೆಚ್ಚಿ ಅನುಪಾತ 9.6ಕ್ಕೆ ಇಳಿಯುತ್ತದೆ. ಮೂವತ್ತು ಥೌ ಮುಖ ಇಳಿಸಿದರೆ ಸುಮಾರು 6 ಸಿಸಿ ಮರಳಿ ಬರುತ್ತದೆ, ಎಂದರೆ ತಾವು ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. 906ರ ತೆರೆದ ಚೇಂಬರ್ (ಹೆಡ್ಡಿನಲ್ಲಿ ಇಂಧನ ಉರಿಯುವ ಕುಳಿ) ಕಾರ್ಖಾನೆ ಪ್ರಕಟಿಸಿದ 79.5 ಸಿಸಿಗಿಂತ ದೊಡ್ಡದಾಗಿ, ಸಾಮಾನ್ಯವಾಗಿ 88 ಸಿಸಿಯ ಆಸುಪಾಸಿನಲ್ಲಿ ಸಿಗುತ್ತದೆ, ಆದ್ದರಿಂದ ಬ್ಯೂರೆಟ್ ಮತ್ತು ಗಾಜಿನ ಹಲಗೆ ಇಟ್ಟು ತಮ್ಮದನ್ನು ತಾವೇ ಅಳೆಯಬೇಕು. ಅನುಪಾತ ತುಸು ಕಡಿಮೆ ಇದ್ದರೂ ಚಿಂತೆಯಿಲ್ಲ, ಇಂದಿನ ಪೆಟ್ರೋಲಿನಲ್ಲಿ ನಾಕಿಂಗ್ (ಇಂಧನ ಹೊತ್ತುಗೆಟ್ಟು ಉರಿದು ಬಡಿಯುವ ಸದ್ದು) ಇಲ್ಲದೆ ಓಡುವುದು ಹೆಚ್ಚು ಮುಖ್ಯ. ಮುಖ ಸೊಟ್ಟಗಾಗಿದ್ದರೆ ಸಪಾಟಾಗುವಷ್ಟು ಮಾತ್ರ ತೆಗೆಸಿ.

ಇನ್ನೊಂದು ಸಂಗತಿ ತಮ್ಮ ಹೊಗೆಗೇ ಸಂಬಂಧಿಸಿದ್ದು. ಹೆಡ್ ಕೆಳಗಿಳಿದಷ್ಟೂ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರುವ ಮುಖಗಳು ಹತ್ತಿರವಾಗುತ್ತವೆ, ಹೆಚ್ಚು ಇಳಿಸಿದಾಗ ಆ ಮುಖಗಳನ್ನೂ ತಕ್ಕಷ್ಟು ತೇಯಿಸಬೇಕು. ಇಲ್ಲದಿದ್ದರೆ ಲಿಫ್ಟರ್‌ಗಳ (ಪುಶ್‌ರಾಡ್‌ಗಳನ್ನು ಮೇಲೆತ್ತುವ ಭಾಗಗಳು) ಕಣಿವೆಯನ್ನು ಮುಚ್ಚುವ ತಗಡಿನ ಗ್ಯಾಸ್ಕೆಟ್ ಸರಿಯಾಗಿ ಕೂರದೆ, ಪೋರ್ಟ್‌ಗಳು ಅಲ್ಲಿಂದಲೇ ಎಣ್ಣೆ ಹೀರುತ್ತವೆ, ಗೈಡ್‌ಗಳನ್ನು ದೂರುತ್ತಾ ಕೂರಬೇಕಾಗುತ್ತದೆ.

ಪ್ರಶ್ನಿಸಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿರುಕು ಎಲ್ಲಿಯೂ ಸಿಗಲಿಲ್ಲ. ಕಾಂಡಗಳ ಎತ್ತರ ಅಳೆದೆ: ಏಳು ಎಗ್ಜಾಸ್ಟ್ ವಾಲ್ವುಗಳು ಐದಾರು ಥೌ ಅಂತರದೊಳಗಿವೆ, ಏಳನೆಯ ಸಿಲಿಂಡರಿನದು ಮಾತ್ರ ಉಳಿದವುಗಳಿಗಿಂತ ಅರವತ್ತು ಥೌ ಮೇಲಿದೆ, ಅದರ ಅಂಚೂ ಸುಟ್ಟಿದೆ. ಆ ಒಂದು ಸೀಟಿಗೆ ಮಾತ್ರ ಉಂಗುರ, ಹದಿನಾರು ಗೈಡ್‌ಗಳಿಗೂ ಕಂಚಿನ ಲೈನರ್, ಮೂರು ಕೋನದ ಕೆಲಸ, ಮುಖ ಹತ್ತು ಥೌ ಎಂದು ತೀರ್ಮಾನಿಸಿದ್ದೇನೆ. ಜೋಡಿಸುವಾಗ ಗಮನಿಸಬೇಕಾದ್ದು ಇನ್ನೇನಾದರೂ ಇದೆಯೇ?

ಮೂರನೆಯ ಉತ್ತರ

ಇದೆ, ಮತ್ತು ಇದನ್ನು ಮರೆಯುವವರೇ ಹೆಚ್ಚು. ಈ ಎಂಜಿನ್ನಿನ ರಾಕರ್‌ಗಳು (ಪುಶ್‌ರಾಡಿನ ತಳ್ಳುವಿಕೆಯನ್ನು ವಾಲ್ವಿಗೆ ದಾಟಿಸುವ ಸನ್ನೆಗಳು) ಪ್ರತಿ ಹೆಡ್ಡಿನಲ್ಲೂ ಒಂದೇ ಶಾಫ್ಟಿನ ಮೇಲೆ ಕೂತಿದ್ದು, ಅವುಗಳಲ್ಲಿ ಹೊಂದಿಸುವ ತಿರುಪು ಇಲ್ಲ. ಆದ್ದರಿಂದ ಹೆಡ್ಡಿನಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯೂ ಹೈಡ್ರಾಲಿಕ್ ಲಿಫ್ಟರಿನೊಳಗಿನ ಪ್ಲಂಜರ್ ಎಷ್ಟು ಅದುಮಿರುತ್ತದೆ ಎಂಬುದನ್ನು ಬದಲಿಸುತ್ತದೆ. ಮುಖ ಹತ್ತು ಥೌ ಇಳಿದರೆ ಪ್ಲಂಜರ್ ಹತ್ತು ಥೌ ಹೆಚ್ಚು ಅದುಮುತ್ತದೆ. ಗ್ಯಾಸ್ಕೆಟ್ ಇಪ್ಪತ್ತು ಥೌ ದಪ್ಪವಾದರೆ ಇಪ್ಪತ್ತು ಥೌ ಸಡಿಲವಾಗುತ್ತದೆ. ಸೀಟ್ ತೇದು ವಾಲ್ವಿನ ತುದಿ ಮೂವತ್ತು ಥೌ ಮೇಲೆದ್ದರೆ, ರಾಕರಿನ ಅನುಪಾತ 1.5 ಆಗಿರುವುದರಿಂದ, ಪುಶ್‌ರಾಡಿನ ಕಡೆ ಅದು ಇಪ್ಪತ್ತು ಥೌ ಆಗಿ ತೋರುತ್ತದೆ. ಇವೆಲ್ಲವನ್ನೂ ಕೂಡಿ ಕಳೆದು, ಅನುಮಾನವಿದ್ದರೆ ಉದ್ದ ಹೊಂದಿಸಬಹುದಾದ ಅಳತೆಯ ಪುಶ್‌ರಾಡ್ ಇಟ್ಟು ನೋಡಿ, ಆಮೇಲೆ ಹೊಸ ಪುಶ್‌ರಾಡ್ ತರಿಸಿ. ಪ್ಲಂಜರ್ ತಳ ಮುಟ್ಟಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಈಗ ಸುಟ್ಟಂತೆಯೇ ಇನ್ನೊಂದು ಸುಡುತ್ತದೆ.

ಕಾಂಡದ ತುದಿ ಮೇಲೆದ್ದಾಗ ಸ್ಪ್ರಿಂಗಿಗೂ ಜಾಗ ಹೆಚ್ಚಾಗಿ ಅದರ ಬಿಗಿ ತಗ್ಗುತ್ತದೆ, ಅದನ್ನು ಕೆಳಗೆ ತೆಳುವಾದ ಶಿಮ್ ಇಟ್ಟು ಸರಿಪಡಿಸಬೇಕು. ಕೊನೆಗೆ ರಾಕರ್ ಶಾಫ್ಟನ್ನು ಕೂರಿಸುವಾಗ ಅದರ ಎಣ್ಣೆಯ ರಂಧ್ರಗಳು ಕೆಳಮುಖವಾಗಿ, ವಾಲ್ವ್ ಸ್ಪ್ರಿಂಗುಗಳ ಕಡೆಗೆ ತಿರುಗಿರಲಿ. ತಿರುವುಮುರುವಾಗಿ ಕೂರಿಸಿದರೆ ಹೊರೆ ಬೀಳುವ ಜಾಗಕ್ಕೆ ಎಣ್ಣೆ ಸಾಲದೆ ಶಾಫ್ಟ್ ಬೇಗ ಸವೆಯುತ್ತದೆ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಬಿಗಿಯದೆ, ಹಂತಹಂತವಾಗಿ 70 ಅಡಿ-ಪೌಂಡಿಗೆ ತನ್ನಿ.