ಊರಿನ ಲೈಬ್ರರಿಗೆ ಜನ ಬರುವಂತೆ ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ನಿವೃತ್ತ ಶಿಕ್ಷಕಿಯೊಬ್ಬರಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡ್ ಹಿಂದೆ ಸರ್ಕಾರಿ ಶಾಖಾ ಗ್ರಂಥಾಲಯ ಇದೆ. ಬೆಳಗ್ಗೆ ಪೇಪರ್ ಓದಲು ಹದಿನೈದು ಇಪ್ಪತ್ತು ಜನ ಬರುತ್ತಾರೆ. ಹತ್ತೂವರೆ ಆಯ್ತು ಅಂದರೆ ಖಾಲಿ. ಪುಸ್ತಕದ ಕಪಾಟು ಬೀಗ ಹಾಕಿದ ಹಾಗೇ ಇರುತ್ತದೆ. ಮೇಲ್ವಿಚಾರಕರು ಒಳ್ಳೆಯವರು, ಆದರೆ ಇರೋದು ಒಬ್ಬರೇ. ತರಿಸುವ ಪತ್ರಿಕೆಗಳೂ ಕಡಿಮೆ ಆಗಿವೆ. ನಾವು ಐದಾರು ಜನ ಸೇರಿ ಏನಾದರೂ ಮಾಡೋಣ ಅಂತಿದ್ದೇವೆ. ನಿಮ್ಮ ಊರಲ್ಲಿ ಯಾವುದು ನಡೀತು, ಯಾವುದು ಕೈಕೊಟ್ಟಿತು, ಎರಡನ್ನೂ ಹೇಳಿ.

ಮಲೆನಾಡಿನ ಕಡೆಯಿಂದ:

ಮೇಡಂ, ಕಪಾಟಿನ ಯೋಚನೆ ಸ್ವಲ್ಪ ದಿನ ಬಿಡಿ. ಪೇಪರ್ ಇಡುವ ಮೇಜಿನಿಂದ ಶುರು ಮಾಡಿ.

ನಾವು ಉಲ್ಟಾ ಮಾಡಿದೆವು. ‘ಪುಸ್ತಕ ದಾನ ಮಾಡಿ’ ಅಂತ ಊರೆಲ್ಲ ಹೇಳಿಕೊಂಡು ಬಂದೆವು. ಒಂದು ತಿಂಗಳಲ್ಲಿ ಹದಿನಾಲ್ಕು ಗೋಣಿಚೀಲ ಬಂತು. ಬಿಚ್ಚಿದರೆ ಜಾಸ್ತಿ ಇದ್ದದ್ದು ಹಳೇ ಸಿಲಬಸ್ಸಿನ ಪಠ್ಯಪುಸ್ತಕ, ಗೈಡು, ಬರೆದು ಮುಗಿದ ಡೈರಿ. ಒಂದು ಚೀಲದ ಜೊತೆ ಗೆದ್ದಲೂ ಬಂದಿತ್ತು. ಒಳ್ಳೆಯ ಪುಸ್ತಕ ಇನ್ನೂರು ಸಿಕ್ಕರೆ ಹೆಚ್ಚು. ಅವನ್ನೂ ಹಾಗೇ ಕಪಾಟಿಗೆ ಸೇರಿಸುವಂತಿಲ್ಲ. ದಾಖಲಾತಿ ರಿಜಿಸ್ಟರ್‌ಗೆ ಏರಿಸಿ, ನಂಬರ್ ಹಾಕಿ, ಸೀಲ್ ಒತ್ತಿದ ಮೇಲೇ ಮನೆಗೆ ಕೊಡಲು ಬರುತ್ತದೆ. ಇದೆಲ್ಲ ಆ ಒಬ್ಬ ಮೇಲ್ವಿಚಾರಕರ ತಲೆ ಮೇಲೆ ಬಿತ್ತು. ಅವರನ್ನು ಮೊದಲೇ ಕೇಳದೆ ಹೊರಟದ್ದು ನಮ್ಮ ತಪ್ಪು.

ಆಮೇಲೆ ನಾನು ಒಂದು ವಾರ ಬೆಳಗ್ಗೆ ಹೋಗಿ ಸುಮ್ನೆ ಕೂತೆ. ಅಲ್ಲಿ ಒಂದು ಪತ್ರಿಕೆ ಒಬ್ಬರ ಕೈಲಿ ಇರುವುದೇ ಇಲ್ಲ. ಕ್ರೀಡಾ ಪುಟ ಒಬ್ಬರ ಹತ್ತಿರ, ಜಿಲ್ಲಾ ಪುಟ ಇನ್ನೊಬ್ಬರ ಹತ್ತಿರ. ಒಬ್ಬರು ಅಜ್ಜ ಬಂದವರೇ ಅಡಿಕೆ ಧಾರಣೆ ಹುಡುಕುತ್ತಾರೆ. ಬೆರಳಿಟ್ಟುಕೊಂಡು ರಾಶಿ ಅಡಿಕೆಯ ಸಾಲು ಓದಿ, ಜೇಬಿನ ಬಸ್ ಟಿಕೆಟ್ ಹಿಂದೆ ಬರೆದುಕೊಂಡು ಹೊರಡುತ್ತಾರೆ. ಹುಡುಗರು ನೇಮಕಾತಿ ಜಾಹೀರಾತಿನ ಫೋಟೊ ತೆಗೆಯುತ್ತಾರೆ. ಹೂ ಮಾರುವ ಒಬ್ಬ ಅಮ್ಮ ಬಾಗಿಲ ಹೊರಗೇ ನಿಂತು, ‘ಗೃಹಲಕ್ಷ್ಮಿ ದುಡ್ಡಿನ ಸುದ್ದಿ ಏನಾದ್ರೂ ಬಂದಿದ್ಯಾ ಅಣ್ಣಾ?’ ಅಂತ ಕೇಳುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ನನಗೆ ಅವತ್ತು ಹೊಟ್ಟೆಯಲ್ಲಿ ಏನೋ ಆಯ್ತು. ಲೈಬ್ರರಿ ಅವರದ್ದೂ ಅಲ್ವಾ?

ಹಾಗಾಗಿ ಹೊರಗಿನ ಗೋಡೆಗೆ ಒಂದು ಬೋರ್ಡ್ ಹಾಕಿದೆವು. ಕಾಲೇಜಿನ ಇಬ್ಬರು ಹುಡುಗಿಯರು ದಿನಾ ಬೆಳಗ್ಗೆ ಅದರಲ್ಲಿ ಬರೆಯುತ್ತಾರೆ. ಯಾವ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ, ಕೊನೇ ದಿನ ಯಾವಾಗ (ಇದು ಮಾತ್ರ ಕೆಂಪು ಪೆನ್ನಲ್ಲಿ), ಎಲ್ಲಿ ಕರೆಂಟ್ ಇರೋದಿಲ್ಲ, ಅಡಿಕೆ ರೇಟು, ಲಸಿಕೆ ಯಾವತ್ತು. ಓದಲು ಬಾರದವರು ಕೇಳಿದರೆ ಒಳಗೆ ಕೂರಿಸಿ ಓದಿ ಹೇಳುತ್ತಾರೆ. ಇದಕ್ಕೆ ಖರ್ಚು ಅಂತ ಏನೂ ಇಲ್ಲ, ಆದರೆ ಒಂದು ದಿನವೂ ತಪ್ಪಿಸಬಾರದು. ಎರಡು ದಿನ ಹಳೇ ಸುದ್ದಿ ಇದ್ದರೆ ಮೂರನೇ ದಿನ ಯಾರೂ ಬೋರ್ಡ್ ಕಡೆ ತಿರುಗಿಯೂ ನೋಡುವುದಿಲ್ಲ.

ಪುಸ್ತಕಕ್ಕೂ ಸುದ್ದಿಯೇ ದಾರಿ ಮಾಡಿಕೊಟ್ಟಿತು. 2025ರ ಮೇನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಅವತ್ತು ಮುಖಪುಟ ಓದಿದವರೆಲ್ಲ ಅದನ್ನೇ ಮಾತಾಡುತ್ತಿದ್ದರು. ಮೇಲ್ವಿಚಾರಕರು ಎದ್ದು ಹೋಗಿ ಕಪಾಟಿನ ಬೀಗ ತೆಗೆದರು. ಬಾನು ಅವರ ಹಳೇ ಕಥಾಸಂಕಲನ ಒಂದಿತ್ತು. ಧೂಳು ಒರೆಸಿ ಪತ್ರಿಕೆಯ ಪಕ್ಕದಲ್ಲೇ ಇಟ್ಟರು. ಸಂಜೆಯೊಳಗೆ ಅದು ಒಬ್ಬರ ಮನೆಗೆ ಹೋಯಿತು. ಅವತ್ತಿಂದ ಹಾಗೇ ಮಾಡುತ್ತಿದ್ದೇವೆ. ಪೊಲೀಸ್ ನೇಮಕಾತಿ ಸುದ್ದಿ ಬಂದರೆ ಸಾಮಾನ್ಯ ಜ್ಞಾನದ ಪುಸ್ತಕ ಮೇಜಿಗೆ ಬರುತ್ತದೆ. ಮಳೆಗಾಲದಲ್ಲಿ ಕೊಳೆರೋಗದ ಸುದ್ದಿ ಬಂದರೆ ಕೃಷಿ ಪುಸ್ತಕ. ದಿನಕ್ಕೆ ಐದೇ ಪುಸ್ತಕ ಸಾಕು.

ಪತ್ರಿಕೆ ಕಡಿಮೆ ಆಗಿವೆ ಅಂದಿರಿ. ದುಡ್ಡು ಸಂಗ್ರಹ ಮಾಡಲು ಹೋಗಬೇಡಿ, ಲೆಕ್ಕದ ತಕರಾರು ಬರುತ್ತದೆ. ಒಬ್ಬೊಬ್ಬರು ಒಂದೊಂದು ಪತ್ರಿಕೆಯ ವರ್ಷದ ಚಂದಾ ನೇರವಾಗಿ ಏಜೆಂಟ್ ಕೈಗೆ ಕೊಡಲಿ. ನಮ್ಮಲ್ಲಿ ಮೆಡಿಕಲ್ ಶಾಪಿನವರು ಒಂದು, ತಂದೆಯ ನೆನಪಿಗೆ ಒಬ್ಬರು ಮಗಳು ಒಂದು ಕೊಡಿಸುತ್ತಿದ್ದಾರೆ.

ಪುರಸಭೆ ವ್ಯವಹಾರ ಬಲ್ಲ ಒಬ್ಬರಿಂದ:

ಟೀಚರ್, ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಆಸ್ತಿ ತೆರಿಗೆಯ ಮೇಲೆ ಶೇ 6. ತೆರಿಗೆ 2,000 ರೂಪಾಯಿ ಇದ್ದರೆ ಲೈಬ್ರರಿಗೆ ಅಂತ ನೀವು 120 ರೂಪಾಯಿ ಕೊಟ್ಟಿದ್ದೀರಿ. ಅಂದರೆ ನೀವು ಕೇಳುತ್ತಿರುವುದು ಭಿಕ್ಷೆ ಅಲ್ಲ.

ಸ್ಥಳೀಯ ಸಂಸ್ಥೆ ಇದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ನಮ್ಮ ಊರಲ್ಲಿ ವರ್ಷಗಟ್ಟಲೆ ಬಾಕಿ ಇತ್ತು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಕೇಳಿದೆವು: ಎಷ್ಟು ವಸೂಲಾಗಿದೆ, ಎಷ್ಟು ಕಟ್ಟಿದ್ದೀರಿ. ಉತ್ತರ ಬಂದ ಮೇಲೆ ವಾರ್ಡಿನ ಸದಸ್ಯರ ಮನೆಗೆ ಹೋಗಿ ಸಮಾಧಾನವಾಗಿ ತೋರಿಸಿದೆವು. ಜಗಳ ಮಾಡಲಿಲ್ಲ. ಸ್ವಲ್ಪ ಭಾಗ ಕಟ್ಟಿದರು. ಒಂದು ಮಾತು ನೆನಪಿಡಿ, ಆ ಹಣ ನೇರ ನಿಮ್ಮ ಶಾಖೆಗೆ ಬರುವುದಿಲ್ಲ. ಓದುಗರು ಕೇಳುವ ಪುಸ್ತಕಗಳ ಪಟ್ಟಿ ಮಾಡಿ, ಮೇಲ್ವಿಚಾರಕರ ಮೂಲಕ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕಳಿಸುತ್ತಲೇ ಇರಿ.

ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯೊಬ್ಬರಿಂದ:

ಅಕ್ಕಾ, ನಮ್ಮದು ಹಳ್ಳಿ ಲೈಬ್ರರಿ, ನಿಮ್ಮ ಇಲಾಖೆ ಬೇರೆ. 2019ರಲ್ಲಿ ನಮ್ಮನ್ನು ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದರು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳು ಬಂದದ್ದೇ ತಡ, ಕರೆಯಲು ಬರುವ ತಾಯಂದಿರೂ ಒಳಗೆ ಕೂರತೊಡಗಿದರು. ನಿಮ್ಮಲ್ಲೂ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಮಕ್ಕಳಿಗೆ ಅಂತ ಇಟ್ಟುಕೊಳ್ಳಿ. ಚಾಪೆ ಹಾಸಿದರೆ ಸಾಕು. ನೀವು ಟೀಚರ್, ಕಥೆ ಹೇಳಲು ನಿಮಗಿಂತ ಬೇಕಾ?

ಮತ್ತೆ, ನಮ್ಮಂಥವರನ್ನು ಜೊತೆಗೆ ಕೂರಿಸಿಕೊಂಡು ಯೋಚನೆ ಮಾಡಿ. ಹೊರಗಿನವರು ಬಂದು ‘ನೀವು ಏನೂ ಮಾಡ್ತಿಲ್ಲ’ ಅನ್ನೋ ಧಾಟಿಯಲ್ಲಿ ಮಾತಾಡಿದರೆ ಮನಸ್ಸು ಮುದುಡಿ ಹೋಗುತ್ತದೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಸೀದಿ ತೆಗೆದು ನೋಡಿದೆ. ಗ್ರಂಥಾಲಯ ಕರ ಇದೆ! ಇಷ್ಟು ವರ್ಷ ಕಟ್ಟಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ನಾಳೆ ಸೋಮವಾರ, ಲೈಬ್ರರಿ ರಜೆ. ಮೇಲ್ವಿಚಾರಕರ ಮನೆಗೇ ಹೋಗಿ ಮಾತಾಡಿ ಬರುತ್ತೇನೆ. ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಪೇಪರ್ ಮೇಜಿನ ಹತ್ತಿರ ಕೂರುತ್ತೇನೆ.

ಮಲೆನಾಡಿನ ಕಡೆಯಿಂದ:

ಕ್ಯಾಲೆಂಡರ್ ನೋಡಿಕೊಳ್ಳಿ ಮೇಡಂ. ತಿಂಗಳ ಎರಡನೇ ಮಂಗಳವಾರ ಆಗಿದ್ದರೆ ಅವತ್ತೂ ರಜೆ ಇರುತ್ತದೆ.